ಹದಿನಾಲ್ಕು ಕಾರ್ಡು, ಹದಿನೈದು ಹೆಂಗಸರು

ಹುಮನಾಬಾದಿನ ಕೆಮಿಕಲ್ ಫ್ಯಾಕ್ಟರಿಯ ಗೇಟು ದಾಟಿದ ಮೊದಲ ದಿನವೇ ಮೋರಖಂಡಿಯ ರತ್ನಮಾಲಾಳ ಹೆಸರು ಬದಲಾಯಿತು.

ಬೆಳಗಿನ ಏಳು ಗಂಟೆಯಿರಬೇಕು. ಬಸವಕಲ್ಯಾಣದಿಂದ ಹೊರಟ ಕ್ರೂಸರ್ ಗಾಡಿ ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ತಿರುಗಿಕೊಂಡಿತು. ಮುಂದಿನ ಸೀಟಿನಲ್ಲಿದ್ದ ಏಜೆನ್ಸಿಯ ಸೂಪರ್‌ವೈಸರ್ ನದೀಮ್ ತೊಡೆಯ ಮೇಲಿನ ಡಬ್ಬಿಯಿಂದ ಗೇಟಿನ ಕಾರ್ಡುಗಳನ್ನು ತೆಗೆದು ಒಂದೊಂದಾಗಿ ಹಿಂದಕ್ಕೆ ಕೊಡತೊಡಗಿದ. ರತ್ನಮಾಲಾಳ ಕೈಗೆ ಬಂದ ಕಾರ್ಡಿನ ಮೇಲೆ ಓಢಣಿ ಹೊದ್ದ ತೆಳು ಮುಖದ ಹುಡುಗಿಯ ಫೋಟೋ ಇತ್ತು. ಕೆಳಗೆ ಶಹಜಾದಿ ಎಂದು ಬರೆದಿತ್ತು.

"ಇದು ನಂದಲ್ರಿ, ನದೀಮಭಾಯ್."

"ನಿಂದು ಬರೂತನಕ ಇದನ್ನ ಹಾಕ್ಕೋ ಅಕ್ಕಾ. ಹೊಸಾ ಕಾರ್ಡ್ ಆಗಬೇಕಂದ್ರ ಡಾಕ್ಟರ್ ತಪಾಸಣಿ ಆಗ್ಬೇಕು, ಒಂದಿನದ ಟ್ರೇನಿಂಗ್ ಆಗ್ಬೇಕು. ಹದಿನೈದು ದಿನ ಹಿಡಿತದ. ಕಂಪನಿಯವ್ರಿಗೆ ಇವತ್ತೇ ಮಂದಿ ಬೇಕಾಗ್ಯಾರ."

"ಗೇಟಿನ್ಯಾಗ ಹಿಡದ್ರ?"

"ಅವ್ರೇನು ಮಾರಿ ನೋಡಂಗಿಲ್ಲ. ಮಷೀನಿಗೆ ಕಾರ್ಡ್ ತೋರ್ಸು, ಒಳಗ ನಡಿ. ಯಾರರ ಹೆಸರ ಕೇಳಿದ್ರ ಶಹಜಾದಿ ಅನ್ನು. ಮುಗೀತು."

ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ರತ್ನಮಾಲಾ ಕಾರ್ಡಿನ ಫೋಟೋದ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು. ನದೀಮ್ ಹೇಳಿದಂತೆಯೇ ಆಯಿತು. ಕಾವಲುಗಾರ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮಷೀನು ಟುಂಯ್ ಎಂದಿತು, ಹಸಿರು ದೀಪ ಹತ್ತಿತು, ಶಹಜಾದಿ ಒಳಗೆ ಹೋದಳು. ರತ್ನಮಾಲಾ ಎಲ್ಲಿ ಹೋದಳು ಎಂಬುದು ಯಾವ ಯಂತ್ರದಲ್ಲೂ ದಾಖಲಾಗಲಿಲ್ಲ.

ಅವಳು ಏಜೆನ್ಸಿ ಸೇರಿ ಏಳು ತಿಂಗಳಾಗಿತ್ತು. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದೆ, ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯೇ ಏಜೆನ್ಸಿ. ಮಾಲೀಕನ ಹೆಸರು ಓಂಪ್ರಕಾಶ. ಎಲ್ಲರೂ ಸೇಠ ಎನ್ನುತ್ತಿದ್ದರು. ಸೇರುವಾಗ ಅವನು ಅವಳ ಆಧಾರ ಕಾರ್ಡಿನ ಝೆರಾಕ್ಸ್ ಇಟ್ಟುಕೊಂಡು, ಎರಡು ಖಾಲಿ ಹಾಳೆಗಳ ಮೇಲೆ ಸಹಿ ಮಾಡಿಸಿಕೊಂಡಿದ್ದ. ಹೊಲದ ಕೂಲಿಗಿಂತ ಇದು ಮೇಲು, ವರ್ಷವಿಡೀ ಕೆಲಸವಿರುತ್ತದೆ ಎಂದು ಅವಳೇ ಗಂಡ ಸಂಘಪಾಲನನ್ನು ಒಪ್ಪಿಸಿ ಬಂದಿದ್ದಳು. ಸಂಘಪಾಲ ಮನೆಗಳಿಗೆ ಬಣ್ಣ ಹೊಡೆಯುವವನು. ಮಗಳು ಪೂನಂ ಏಳನೆಯ ಇಯತ್ತೆ ಓದುತ್ತಿದ್ದಳು.

ಕೆಲಸವೇನೋ ಇರುತ್ತಿತ್ತು. ಆದರೆ ಎಲ್ಲಿ, ಯಾರ ಕೈಕೆಳಗೆ, ಎಷ್ಟು ದಿನ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಸಂಜೆ ನದೀಮನ ಫೋನು ಬರುತ್ತಿತ್ತು: ನಾಳೆ ದಾಲ್ ಮಿಲ್ಲು, ನಾಡಿದ್ದು ಮದುವೆ ಮಂಟಪ, ಆಚೆನಾಡಿದ್ದು ದವಾಖಾನೆಯ ನೆಲ ಒರೆಸುವುದು. ಹೋದಲ್ಲೆಲ್ಲ ಅವಳನ್ನು 'ಏಜೆನ್ಸಿಯವಳು' ಎನ್ನುತ್ತಿದ್ದರು. ನೀರಿನ ಕೊಡ ಎಲ್ಲಿದೆ, ಪಾಯಖಾನೆ ಎಲ್ಲಿದೆ ಎಂದು ಗೊತ್ತಾಗುವಷ್ಟರಲ್ಲಿ ಅಲ್ಲಿಂದ ಕಾಲು ಕೀಳಬೇಕಾಗುತ್ತಿತ್ತು. ಒಂದು ದಿನ ಬರಲಾಗುವುದಿಲ್ಲ ಎಂದರೆ ಒಂದು ವಾರ ಫೋನೇ ಬರುತ್ತಿರಲಿಲ್ಲ. ಸಂಜೆಯಾದರೆ ಸಾಕು, ಫೋನು ಬಂದರೂ ಹೆದರಿಕೆ, ಬರದಿದ್ದರೂ ಹೆದರಿಕೆ ಎನ್ನುವಂತಾಗಿತ್ತು ಅವಳ ಪಾಡು.

ಫ್ಯಾಕ್ಟರಿಯಲ್ಲಿ ಅವರಿಗೆ ಡ್ರಮ್ಮು ತೊಳೆಯುವ ಕೆಲಸ. ಹಿಂದಿನ ಕಂಪೌಂಡಿಗೆ ತಾಗಿದಂತೆ ಒಂದು ಉದ್ದನೆಯ ತಗಡಿನ ಶೆಡ್ಡು. ಅದರಲ್ಲಿ ನೀಲಿ ಡ್ರಮ್ಮುಗಳ ಸಾಲು. ಬಾಯಿ ತೆರೆದರೆ ಕಣ್ಣಿಗೆ ಖಾರ ಎರಚಿದಂತಾಗುವ ವಾಸನೆ. ಶೆಡ್ಡಿನ ತುದಿಯಲ್ಲಿ ಖಾಲಿ ಚೀಲಗಳನ್ನು ತುಂಬಿಡುವ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಶೆಡ್ಡಿನ ಮಗ್ಗುಲಲ್ಲೇ ಆ್ಯಸಿಡ್ಡಿನ ಎರಡು ದೊಡ್ಡ ಟಾಕಿಗಳು, ಅವುಗಳಿಂದ ಹೊರಟು ತಲೆಯ ಮೇಲೆ ಹಾದುಹೋಗುವ ಪೈಪುಗಳು. ಆ ಪೈಪುಗಳಲ್ಲಿ ಏನು ಹರಿಯುತ್ತದೆ, ಏನಾದರೂ ಆದರೆ ಯಾವ ಕಡೆ ಓಡಬೇಕು ಎಂದು ರತ್ನಮಾಲಾಳಿಗೆ ಯಾರೂ ಹೇಳಿರಲಿಲ್ಲ. ಅದನ್ನೆಲ್ಲ ಹೇಳುವ ಟ್ರೇನಿಂಗು ಶಹಜಾದಿಗೆ ಆಗಿತ್ತು. ಕಾಗದದ ಪ್ರಕಾರ ಅವಳಿಗೆ ಎಲ್ಲ ಗೊತ್ತಿತ್ತು.

ಮೊದಲ ದಿನ ಅವಳಿಗೆ ಕೈಗವಸು ತೊಡಿಸಿ, ಪೈಪು ಹಿಡಿಯುವ ರೀತಿ ತೋರಿಸಿಕೊಟ್ಟವಳು ಕೇಶರಬಾಯಿ. ಘಾಟಬೋರಾಳದ ಹೆಂಗಸು. ಐವತ್ತು ದಾಟಿದರೂ ಎಲ್ಲರಿಗಿಂತ ಚುರುಕು. ಉಳಿದವರು ಆರು ಡ್ರಮ್ಮು ತೊಳೆಯುವ ಹೊತ್ತಿಗೆ ಅವಳು ಹತ್ತು ತೊಳೆದು ಮುಗಿಸುತ್ತಿದ್ದಳು. ರತ್ನಮಾಲಾ ಅವಳನ್ನು ಚಿಕ್ಕಮ್ಮನಂತೆ ಮೌಶಿ ಎಂದು ಕರೆಯತೊಡಗಿದಳು. ಊಟದ ಹೊತ್ತಿನಲ್ಲಿ ಇಬ್ಬರೂ ಶೆಡ್ಡಿನ ನೆರಳಿಗೆ ಕುಳಿತಾಗ, ಮೂರು ದಿನದಿಂದ ಗಂಟಲಲ್ಲೇ ಉಳಿದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ಮೌಶಿ, ಈ ಶಹಜಾದಿ ಅನ್ನಾಕಿ ಎಲ್ಲಿ ಹೋದಳು? ಯಾರಿಗೆ ಕೇಳಿದ್ರೂ ಬಿಟ್ಟಾಳ, ಬಿಟ್ಟಾಳ ಅಂತಾರ. ಏನರ ಆಗ್ಯಾದೇನು ಆಕಿಗಿ?"

ಕೇಶರಬಾಯಿ ನಕ್ಕಳು. "ಏನೂ ಆಗಿಲ್ಲ ತಗೋ. ಲಗ್ನ ಆಗಿ ಜಹೀರಾಬಾದಿಗಿ ಹೋಗ್ಯಾಳ. ಅಂಜಬ್ಯಾಡ, ನೀ ಸತ್ತವರ ಕಾರ್ಡೇನು ಹಾಕ್ಕೊಂಡಿಲ್ಲ."

ರತ್ನಮಾಲಾಳಿಗೆ ಅರ್ಧ ಸಮಾಧಾನವಾಯಿತು. ಇನ್ನರ್ಧ ಆಗಲಿಲ್ಲ. "ಅಲ್ಲ ಮೌಶಿ, ನಾಳಿ ನನಗ ಇಲ್ಲಿ ಏನರ ಆದ್ರ? ಸುದ್ದಿ ಯಾರ ಮನಿಗಿ ಹೋಗ್ತದ? ಜಹೀರಾಬಾದಿಗೋ ಮೋರಖಂಡಿಗೋ?"

ಕೇಶರಬಾಯಿಯ ನಗೆ ನಿಂತಿತು. ಅವಳು ರೊಟ್ಟಿ ಮುರಿಯುತ್ತ, "ನಿನಗ ಬ್ಯಾರೇದಾಕಿ ಹೆಸರರ ಅದ. ನನಗ ಅದೂ ಇಲ್ಲ," ಎಂದಳು.

ಅವಳ ಕಾರ್ಡನ್ನು ಕಂಪನಿಯವರು ಎರಡು ತಿಂಗಳ ಹಿಂದೆಯೇ ರದ್ದು ಮಾಡಿದ್ದರು. ಡಾಕ್ಟರರ ತಪಾಸಣೆಯಲ್ಲಿ ಬಿ.ಪಿ. ಇದೆ, ವಯಸ್ಸೂ ಮೀರಿದೆ ಎಂದು ಬರೆದಿದ್ದರು. ಆದರೆ ಸೇಠ ಇಂಥ ಕೈ ಬಿಟ್ಟುಕೊಡುವವನಲ್ಲ. ದಿನಾ ಬೆಳಿಗ್ಗೆ ಅವಳು ಘಾಟಬೋರಾಳದಿಂದ ಬಂದು ಕೈಗಾರಿಕಾ ಪ್ರದೇಶದ ಹೊರಗಿನ ಚಹಾದ ಅಂಗಡಿಯ ಹತ್ತಿರ ನಿಲ್ಲುತ್ತಿದ್ದಳು. ನದೀಮ್ ಅಲ್ಲಿ ಎಲ್ಲ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಇಷ್ಟು ಮಂದಿ ಕೆಲಸಕ್ಕೆ ಹೊರಟರು ಎಂದು ಸೇಠನಿಗೆ ದಿನಾಲೂ ಫೋಟೋ ಕಳಿಸಬೇಕಿತ್ತು. ಆಮೇಲೆ ಹದಿನಾಲ್ಕು ಹೆಂಗಸರು ಹದಿನಾಲ್ಕು ಕಾರ್ಡು ಹಾಕಿಕೊಂಡು ಮುಂದಿನ ಗೇಟಿನಿಂದ ಹೋಗುತ್ತಿದ್ದರು. ಹದಿನೈದನೆಯವಳಾದ ಕೇಶರಬಾಯಿ ಡ್ರಮ್ಮು ತರುವ ಟೆಂಪೋದಲ್ಲಿ, ಡ್ರಮ್ಮುಗಳ ನಡುವೆ ತಲೆ ತಗ್ಗಿಸಿ ಕುಳಿತು, ಯಂತ್ರವಿಲ್ಲದ ಹಿಂದಿನ ಗೇಟಿನಿಂದ ಒಳಬರುತ್ತಿದ್ದಳು.

ಎರಡನೆಯ ವಾರದಲ್ಲಿ ಒಂದು ದಿನ ದೊಡ್ಡ ಸಾಹೇಬರು ಶೆಡ್ಡಿನ ಕಡೆ ಬಂದರು. ನದೀಮ್ ಓಡುತ್ತ ಮೊದಲೇ ಬಂದು, "ಮೌಶಿ, ಚೀಲದ ಖೋಲಿ, ಚೀಲದ ಖೋಲಿ!" ಎಂದ. ಕೇಶರಬಾಯಿ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ಬಿಟ್ಟು ಕೋಣೆಯೊಳಗೆ ಹೊಕ್ಕು ಚಿಲಕ ಹಾಕಿಕೊಂಡಳು. ಸಾಹೇಬರು ಹೋದ ಮೇಲೆ ಹೊರಬಂದಾಗ ಅವಳ ಮೈಯೆಲ್ಲ ಬೆವೆತು ನೀರಾಗಿತ್ತು. "ಸಿಕ್ಕಿದ್ರ ನನ್ನ ಕೆಲಸ ಹೋಗ್ತದ, ನಿಮ್ಮೆಲ್ಲಾರ್ದೂ ಹೋಗ್ತದ ಅಂತ ಸೇಠ ಹೇಳ್ಯಾನ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದಿನಿಂದ ಯಾವುದೇ ಬೂಟಿನ ಸದ್ದು ಕೇಳಿದರೂ ರತ್ನಮಾಲಾಳ ಕಣ್ಣು ಮೊದಲು ಮೌಶಿಯ ಕಡೆ ಹೊರಳುತ್ತಿತ್ತು.

ಹದಿನೈದು ದಿನ ಎಂದದ್ದು ತಿಂಗಳಾಯಿತು. ಅವಳ ಕಾರ್ಡು ಬರಲಿಲ್ಲ. ಕೇಳಿದಾಗಲೆಲ್ಲ ನದೀಮ್ ಮುಂದಿನ ವಾರ ಎನ್ನುತ್ತಿದ್ದ. ಅವನೂ ಏಜೆನ್ಸಿಯ ಕೂಲಿಯವನೇ. ಸೇಠನ ಫೋನು ಬಂದರೆ ಅವನ ದನಿಯೇ ಬದಲಾಗುತ್ತಿದ್ದುದನ್ನು ರತ್ನಮಾಲಾ ನೋಡಿದ್ದಳು.

ಆ ಗುರುವಾರ ಬೆಳಗಿನ ಹತ್ತೂವರೆಗೆ ಎಲ್ಲವೂ ಎಂದಿನಂತೆಯೇ ಇತ್ತು. ಸೆಕೆ ಆಗಲೇ ಏರತೊಡಗಿತ್ತು. ರತ್ನಮಾಲಾ ಡ್ರಮ್ಮೊಂದನ್ನು ಮಗುಚಿ ಹಾಕುತ್ತಿದ್ದಾಗ ಟಾಕಿಯ ಕಡೆಯಿಂದ ಠಪ್ಪೆಂದು ಸದ್ದಾಯಿತು. ಹಿಂದೆಯೇ ಕುಕ್ಕರಿನ ಸೀಟಿಯಂಥ ಸುಂಯ್‌ಗುಡುವ ಸದ್ದು, ನಿಲ್ಲದೆ. ಯಾರೋ ಗಂಡಸು ಕೂಗಿದ. ಮರುಗಳಿಗೆ ಇಡೀ ಫ್ಯಾಕ್ಟರಿಯ ಸೈರನ್ನು ಹೊಡೆದುಕೊಳ್ಳತೊಡಗಿತು.

ಅವಳು ಆ ಸೈರನ್ನು ಹಿಂದೆ ಕೇಳಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಮೌಶಿಯ ಕಡೆ ನೋಡಿದಳು. ಕೇಶರಬಾಯಿ ಆಗಲೇ ಎದ್ದಿದ್ದಳು. ಸೈರನ್ನು ಎಂದರೆ ಸಾಹೇಬರು, ಸಾಹೇಬರು ಎಂದರೆ ತಪಾಸಣೆ, ಅವಳ ತಲೆಯಲ್ಲಿ ಇದ್ದದ್ದು ಅಷ್ಟೇ. ರೂಢಿಯಂತೆ ಸರಸರನೆ ಚೀಲದ ಕೋಣೆಗೆ ನಡೆದು ಬಾಗಿಲು ಎಳೆದುಕೊಂಡಳು.

"ಮೌಶಿ, ಬ್ಯಾಡ! ಬಾ ಇಕಡಿ!" ಎಂದು ರತ್ನಮಾಲಾ ಕೂಗಿದಳು. ಅಷ್ಟರಲ್ಲಿ ಬಿಳಿಯ ಹೊಗೆ ಶೆಡ್ಡಿನ ತಗಡಿನ ಕೆಳಗಿಂದ ನೆಲಕ್ಕೆ ಅಂಟಿಕೊಂಡಂತೆ ಹರಿದು ಬಂತು. ಒಂದೇ ಉಸಿರಿಗೆ ಮೂಗು, ಗಂಟಲು, ಎದೆ ಎಲ್ಲ ಸುಟ್ಟಂತಾಯಿತು. ಉಳಿದ ಹೆಂಗಸರು ಕಿರುಚುತ್ತ ಹೊರಗೆ ಓಡಿದರು. ರತ್ನಮಾಲಾಳೂ ಓಡಿದಳು. ಎರಡು ಹೆಜ್ಜೆ ಕೋಣೆಯ ಕಡೆ ಇಟ್ಟದ್ದು ನಿಜ. ಆಮೇಲೆ ಕಾಲು ತಾವಾಗಿಯೇ ತಿರುಗಿದವು. ಸೆರಗಿನಿಂದ ಮೂಗು ಮುಚ್ಚಿ, ಕಣ್ಣು ಕಾಣದೆ, ಮುಂದಿನವಳ ಸೀರೆಯ ಬಣ್ಣ ಹಿಡಿದು ಓಡಿದಳು.

ಮುಂದಿನ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಹಸಿರು ಹಲಗೆ ನೆಟ್ಟ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿದ್ದರು. ಗಾಳಿ ಅತ್ತ ಬೀಸುತ್ತಿರಲಿಲ್ಲ. ಅಲ್ಲಿ ಉಸಿರಾಡಬಹುದಿತ್ತು. ಕೆಮ್ಮುವವರು, ವಾಂತಿ ಮಾಡುವವರು, ಕಣ್ಣಿಗೆ ನೀರು ಹಾಕಿಕೊಳ್ಳುವವರು. ಸೇಫ್ಟಿ ಆಫೀಸರ್ ವೈಜನಾಥ ಕೈಯಲ್ಲಿ ಹಾಳೆ ಹಿಡಿದು ಒಂದೊಂದು ಗುಂಪನ್ನೂ ಎಣಿಸುತ್ತ ಬಂದರು. ಅವರ ಹಣೆಯ ನರ ಎದ್ದು ಕಾಣುತ್ತಿತ್ತು.

"ಏಜೆನ್ಸಿ ಹೆಣ್ಮಕ್ಕಳು ಎಷ್ಟು?"

"ಹದಿನಾಕು ಸರ್," ಎಂದ ನದೀಮ್.

ವೈಜನಾಥರು ಎಣಿಸಿದರು. ಹದಿನಾಲ್ಕು. ಹಾಳೆ ನೋಡಿದರು. ಹದಿನಾಲ್ಕು. "ಸರಿ ಅದ. ಎಲ್ಲಾರೂ ಹೊರಗ ಬಂದಾರ," ಎಂದು ವಾಕಿಟಾಕಿಯಲ್ಲಿ ಹೇಳಿ ಮುಂದಿನ ಗುಂಪಿಗೆ ನಡೆದರು.

ರತ್ನಮಾಲಾ ನದೀಮನ ತೋಳು ಹಿಡಿದಳು. "ಮೌಶಿ ಒಳಗ ಅದಾಳ."

ನದೀಮನ ಮುಖ ಬೂದಿ ಬಳಿದಂತಾಗಿತ್ತು. "ಹಿಂದಿನ ಗೇಟಿನಿಂದ ಹೋಗಿರ್ತಾಳ."

"ಇಲ್ಲ ಭಾಯ್. ಚೀಲದ ಖೋಲ್ಯಾಗ ಹೋಗಿದ್ದು ನಾ ನೋಡೀನಿ."

"ಸುಮ್ನಿರು ಅಕ್ಕಾ, ಸುಮ್ನಿರು. ನಾ ಸೇಠಗ ಫೋನ್ ಮಾಡಾಕತ್ತೀನಿ." ಅವನು ಫೋನು ಕಿವಿಗೆ ಹಿಡಿದು ಮರದ ಹಿಂದೆ ಸರಿದ. ಸೇಠ ಫೋನು ಎತ್ತಲಿಲ್ಲ. ಮತ್ತೆ ಹಚ್ಚಿದ. ಮತ್ತೆ ಎತ್ತಲಿಲ್ಲ.

ರತ್ನಮಾಲಾ ನಿಂತೇ ಇದ್ದಳು. ಈಗ ಹೇಳಿದರೆ ಮೊದಲು ಕೇಳುವುದು ನೀನು ಯಾರು ಎಂದು. ಕೊರಳಲ್ಲಿ ನೇತಾಡುತ್ತಿರುವ ಕಾರ್ಡು ತನ್ನದಲ್ಲ. ಸುಳ್ಳು ಹೆಸರಿನಲ್ಲಿ ಒಳಗೆ ಬಂದವಳು ಎಂದು ಪೊಲೀಸರು ಕರೆದೊಯ್ಯುತ್ತಾರೆ. ಆಧಾರಿನ ಝೆರಾಕ್ಸ್, ಸಹಿ ಮಾಡಿದ ಖಾಲಿ ಹಾಳೆ ಸೇಠನ ಹತ್ತಿರ ಇವೆ. ಪೂನಂಳ ಶಾಲೆಗೆ ಸುದ್ದಿ ಹೋಗುತ್ತದೆ. ಒಂದು ವೇಳೆ ಮೌಶಿ ನಿಜವಾಗಿಯೂ ಹಿಂದಿನ ಗೇಟಿನಿಂದ ಹೋಗಿದ್ದರೆ? ಹೋಗಿರಬಹುದು. ಹೋಗಿದ್ದಾಳೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ, ಹೊಗೆ ಎದ್ದ ಕಡೆಗೆ ನೋಡದೆ, ನೆಲ ನೋಡುತ್ತ ನಿಂತಳು. ಸುತ್ತಲಿದ್ದ ಹದಿಮೂರು ಹೆಂಗಸರಲ್ಲಿ ಕೆಲವರಿಗಾದರೂ ಇದು ಗೊತ್ತಿತ್ತು. ಯಾರೂ ಯಾರ ಕಣ್ಣಿಗೂ ಕಣ್ಣು ಕೊಡುತ್ತಿರಲಿಲ್ಲ.

ಹಾಗೆ ನಿಂತದ್ದು ಎಷ್ಟು ನಿಮಿಷವೋ. ಸೈರನ್ನು ನಿಂತಿತು. ಆ ಮೌನದಲ್ಲಿ ಪಕ್ಕದ ಗುಂಪಿನ ಯಾರೋ, "ದೇವ್ರು ದೊಡ್ಡಾಂವ, ಯಾರಿಗೂ ಏನೂ ಆಗಲಿಲ್ಲ," ಎಂದದ್ದು ಅವಳ ಕಿವಿಗೆ ಬಿತ್ತು. ಆ ಮಾತು ಕೇಳಿದ್ದೇ ತಡ, ಅವಳು ತಲೆ ಎತ್ತಿ ಹೊಗೆಯ ಕಡೆ ನೋಡಿದಳು. ಓಡಿಹೋಗಿ ವೈಜನಾಥರ ಮುಂದೆ ನಿಂತಳು.

"ಸಾಹೇಬ್ರ, ಒಬ್ಬಾಕಿ ಒಳಗ ಅದಾಳ್ರಿ. ಶೆಡ್ಡಿನ ಚೀಲದ ಖೋಲ್ಯಾಗ."

"ಯಾರು?"

"ಕೇಶರಬಾಯಿ ಅಂತ್ರಿ. ಘಾಟಬೋರಾಳದಾಕಿ."

ವೈಜನಾಥರು ಹಾಳೆಯ ಮೇಲೆ ಬೆರಳು ಓಡಿಸಿದರು. "ಆ ಹೆಸರು ಪಟ್ಟ್ಯಾಗೇ ಇಲ್ಲಲ್ಲ."

"ಪಟ್ಟ್ಯಾಗ ನಾನೂ ಇಲ್ರಿ ಸಾಹೇಬ್ರ," ಎಂದಳು ರತ್ನಮಾಲಾ. ಕೊರಳಿನ ಕಾರ್ಡನ್ನು ಕಿತ್ತು ಅವರ ಕೈಯಲ್ಲಿಟ್ಟಳು. "ಇದು ನಾನಲ್ಲ. ಆಕಿ ಟೆಂಪೋದಾಗ ಬಂದಾಳ. ಮದ್ಲ ಆಕಿನ್ನ ತಗೀರಿ, ಆಮ್ಯಾಲ ನನಗ ಏನರ ಮಾಡ್ರಿ."

ವೈಜನಾಥರು ಅರೆಗಳಿಗೆ ಅವಳ ಮುಖ ನೋಡಿದರು. ಮತ್ತೆ ಒಂದು ಮಾತೂ ಕೇಳಲಿಲ್ಲ. ಬೆನ್ನಿಗೆ ಸಿಲಿಂಡರ್ ಏರಿಸಿ, ಮುಖಕ್ಕೆ ಮಾಸ್ಕು ಬಿಗಿದು, ಇಬ್ಬರು ಗಂಡಸರನ್ನು ಕರೆದುಕೊಂಡು ಶೆಡ್ಡಿನ ಕಡೆ ಹೋದರು. ಬಾಗಿಲು ಒಡೆಯುವ ಸದ್ದು ಮರದ ತನಕ ಕೇಳಿಸಿತು. ಕೇಶರಬಾಯಿಯನ್ನು ಹೊತ್ತು ತಂದಾಗ ಅವಳ ತುಟಿ ನೀಲಿಗಟ್ಟಿತ್ತು. ಬಾಯಿಂದ ನೊರೆ ಬರುತ್ತಿತ್ತು. ಎದೆ ಮಾತ್ರ, ಬಹಳ ಹೊತ್ತಿಗೊಮ್ಮೆ, ಏರಿ ಇಳಿಯುತ್ತಿತ್ತು.

ಹುಮನಾಬಾದಿನ ದವಾಖಾನೆಯಿಂದ ಅವಳನ್ನು ಬೀದರಿಗೆ ಕಳಿಸಿದರು. ಆಂಬುಲೆನ್ಸಿನ ಬಾಗಿಲು ಹಾಕುವಾಗ ಡಾಕ್ಟರು ಯಾರಿಗೋ, "ಸ್ವಲ್ಪ ಲಗೂನ ತಂದಿದ್ರ ಎದಿಗೆ ಇಷ್ಟು ಪೆಟ್ಟು ಬೀಳ್ತಿದ್ದಿಲ್ಲ," ಎಂದು ಹೇಳುತ್ತಿದ್ದರು. ರತ್ನಮಾಲಾ ಗೋಡೆ ಹಿಡಿದು ಕುಳಿತುಬಿಟ್ಟಳು.

ಮರುದಿನ ಮಧ್ಯಾಹ್ನ ಮೋರಖಂಡಿಯ ಅವಳ ಮನೆಯ ಮುಂದೆ ಬಿಳಿ ಕಾರೊಂದು ನಿಂತಿತು. ಓಂಪ್ರಕಾಶ ಸೇಠ ಎಂದೂ ಅವರ ಓಣಿಗೆ ಬಂದವನಲ್ಲ. ಹೊಸ್ತಿಲ ಹೊರಗೇ ಖುರ್ಚಿ ಹಾಕಿಸಿಕೊಂಡು ಕುಳಿತ. ದನಿ ಬೆಣ್ಣೆಯಂತೆ ಮೆತ್ತಗಿತ್ತು.

"ಹ್ಯಾಂಗ ಅದೀ ತಂಗಿ? ನೀ ದೊಡ್ಡ ಮನಸಿನಾಕಿ, ಒಬ್ಬಾಕಿ ಜೀವ ಉಳಿಸ್ದಿ. ಈಗ ಒಂದು ಮಾತು. ಸೋಮವಾರ ಬೀದರಿನಿಂದ ಸರ್ಕಾರಿ ಆಫೀಸರ್ ಬರ್ತಾರ. ಆ ಮುದುಕಿ ಏಜೆನ್ಸಿಯಾಕಿ ಅಲ್ಲ, ಕೆಲಸ ಕೇಳ್ಕೋತ ತಾನ ಕದ್ದು ಒಳಗ ಬಂದಿದ್ಲು ಅಂತ ಹೇಳು. ಈ ಕಾಗದಕ್ಕ ಸಹಿ ಮಾಡು."

"ಅದು ಸುಳ್ಳಲ್ಲೇನ್ರಿ ಸೇಠ?"

ಸೇಠ ಸಂಘಪಾಲನ ಕಡೆ ತಿರುಗಿದ. "ನಿನ್ನ ಹೆಂಡ್ತಿಗಿ ತಿಳಿಸಿ ಹೇಳಪ್ಪ. ಬ್ಯಾರೇದಾಕಿ ಕಾರ್ಡ್ ಹಾಕ್ಕೊಂಡು ಫ್ಯಾಕ್ಟರ್‍ಯಾಗ ಹೊಕ್ಕಾಕಿ ಈಕಿ. ನಾ ಕೊಟ್ಟೀನಿ ಅನ್ನಾಕ ಏನು ಸಬೂತಿ ಅದ? ಪೊಲೀಸರು ಮದ್ಲ ಈಕಿನ್ನೇ ಒಯ್ತಾರ. ಈಕಿ ಸಹಿ ಮಾಡಿದ ಎರಡು ಹಾಳಿ ನನ್ನ ಟೇಬಲ್ಲಿನ್ಯಾಗ ಅವ. ಅದರಾಗ ನಾ ಏನು ಬರೀಬೇಕು ಅನ್ನೂದು ನೀವ ವಿಚಾರ ಮಾಡ್ರಿ."

ಕಾರು ಹೋದ ಮೇಲೆ ಸಂಘಪಾಲ ಹೊರಗಿನ ಖುರ್ಚಿಯನ್ನು ಒಳಗೆ ತಂದಿಟ್ಟ. ಅವನು ಅಂಜುಬುರುಕನಲ್ಲ. ಆದರೂ ಅವನ ದನಿ ಒಡೆದಿತ್ತು. "ಸಹಿ ಮಾಡಿಬಿಡು ರತ್ನಾ. ನಮ್ಮಂಥವ್ರ ಮಾತು ಯಾರು ಕೇಳ್ತಾರ? ಪೂನಂನ ಮಾರಿ ನೋಡು."

ರತ್ನಮಾಲಾ ಮಾಡುವುದಿಲ್ಲ ಎನ್ನಲಿಲ್ಲ. ಆ ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗಿಟ್ಟಳು. ಎರಡು ದಿನ ಓಣಿಯಲ್ಲಿ ಮೋಟಾರ್‌ಸೈಕಲ್ಲು ನಿಂತರೆ ಕದದ ಸಂದಿಯಿಂದ ಇಣುಕುತ್ತಿದ್ದಳು. ನೀರು ತರಲು ಹೋದಾಗ ಇಬ್ಬರು ಹೆಂಗಸರು ತನ್ನನ್ನು ನೋಡಿ ಮಾತು ನಿಲ್ಲಿಸಿದ್ದು ಕಂಡಿತು. ಭಾನುವಾರದ ಹೊತ್ತಿಗೆ ಸಹಿ ಮಾಡುವುದೇ ಎಂದು ನಿಶ್ಚಯಿಸಿದ್ದಳು. ಪೂನಂಳ ಪೆನ್ನನ್ನೂ ಕೇಳಿ ತೆಗೆದುಕೊಂಡಿದ್ದಳು.

ಆಗ ಅವಳ ಫೋನಿಗೆ ನದೀಮನಿಂದ ಒಂದು ಫೋಟೋ ಬಂತು. ಗುರುವಾರ ಬೆಳಿಗ್ಗೆ ಚಹಾದ ಅಂಗಡಿಯ ಮುಂದೆ ತೆಗೆದದ್ದು. ಹದಿನೈದು ಹೆಂಗಸರು. ತುದಿಯಲ್ಲಿ ಬುತ್ತಿಯ ಗಂಟು ಹಿಡಿದ ಕೇಶರಬಾಯಿ. ತನ್ನ ಫೋನಿನ ಪರದೆಯನ್ನೇ ಚಿತ್ರ ತೆಗೆದು ಕಳಿಸಿದ್ದ: ಕೆಳಗೆ ತಾರೀಖು, ಹೊತ್ತು, ಸೇಠನಿಗೆ ಕಳಿಸಿದ ಗುರುತು. ಅದಕ್ಕೆ ಸೇಠ ಬರೆದ ಉತ್ತರವೂ ಇತ್ತು: 'ಮುದುಕೀನ ಟೆಂಪೋದಾಗ ಕಳಸು.' ಹಿಂದೆಯೇ ನದೀಮ್ ರೆಕಾರ್ಡು ಮಾಡಿ ಕಳಿಸಿದ ದನಿ ಬಂತು.

"ಅಕ್ಕಾ, ನಾ ಹೈದರಾಬಾದಿಗಿ ಹೊಂಟೀನಿ. ಈ ಫೋನ್ ನಂಬರ್ ನಾಳಿಂದ ಚಾಲೂ ಇರಂಗಿಲ್ಲ. ಆ ದಿನ ಸಾಹೇಬ್ರ ಮುಂದ ಹೇಳಾಕ ನನಗ ಬಾಯಿ ಬರಲಿಲ್ಲ. ಇದಾದ್ರೂ ನಿನಗ ಉಪಯೋಗ ಬೀಳಲಿ. ಮಾಫ್ ಮಾಡು."

ರತ್ನಮಾಲಾ ಅದನ್ನು ಮೂರು ಸಲ ಕೇಳಿ, ಗಂಡನಿಗೂ ಕೇಳಿಸಿದಳು. ಸಂಘಪಾಲ ಫೋನನ್ನು ಕೈಯಲ್ಲಿ ಹಿಡಿದು, ಫೋಟೋದಲ್ಲಿನ ಮುದುಕಿಯನ್ನೇ ನೋಡಿದ. ಕೊನೆಗೆ, "ನಾನೂ ಬರ್ತೀನಿ ನಿನ್ನ ಸಂಗಾಟ," ಎಂದ.

ಸೋಮವಾರ ಆಫೀಸರರ ಮುಂದೆ ಕುಳಿತಾಗ ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಾರ್ಡು ಯಾರು ಕೊಟ್ಟರು, ಟ್ರೇನಿಂಗು ಆಗಿತ್ತೇ, ಕೇಶರಬಾಯಿ ಎಷ್ಟು ದಿನದಿಂದ ಬರುತ್ತಿದ್ದಳು ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಫೋಟೋ ತೋರಿಸಿದಳು. ಎದುರಿನ ಸಾಲಿನಲ್ಲಿ ಕುಳಿತಿದ್ದ ಓಂಪ್ರಕಾಶ ಅವಳನ್ನು ದಿಟ್ಟಿಸಿ ನೋಡುತ್ತಿದ್ದ. ಅವಳು ಆ ಕಡೆ ತಿರುಗಲೇ ಇಲ್ಲ. ಧೈರ್ಯದಿಂದಲ್ಲ, ತಿರುಗಿದರೆ ಮಾತು ನಿಂತುಹೋಗುತ್ತದೆ ಎಂಬ ಹೆದರಿಕೆಯಿಂದ. ವೈಜನಾಥರೂ ತಾವು ಕಂಡದ್ದನ್ನು ಕಂಡಂತೆ ಬರೆದುಕೊಟ್ಟರು.

ಅವಳ ಮೇಲೆ ಕೇಸು ಆಗಲಿಲ್ಲ. ಎರಡು ಸಲ ಕರೆಸಿ ಕೇಳಿ ಬಿಟ್ಟರು. ಕೇಶರಬಾಯಿಯ ದವಾಖಾನೆಯ ಖರ್ಚನ್ನು ಕಂಪನಿ ಹೊತ್ತುಕೊಂಡಿತು. ಓಂಪ್ರಕಾಶನ ಏಜೆನ್ಸಿಯ ಲೈಸೆನ್ಸು ಹೋಯಿತು. ಆದರೆ ಮೂರು ತಿಂಗಳೊಳಗೆ ಬೇರೆ ಓಣಿಯಲ್ಲಿ, ಬೇರೆ ಹೆಸರಿನ ಬೋರ್ಡಿನ ಕೆಳಗೆ ಅದೇ ಖುರ್ಚಿಗಳು ಕಾಣಿಸಿಕೊಂಡವು. ರತ್ನಮಾಲಾಳಿಗೆ ಅಲ್ಲಿಂದಷ್ಟೇ ಅಲ್ಲ, ಬಸವಕಲ್ಯಾಣದ ಯಾವ ಏಜೆನ್ಸಿಯಿಂದಲೂ ಫೋನು ಬರಲಿಲ್ಲ. ಅವಳು ಮತ್ತೆ ಹೊಲದ ಕೆಲಸಕ್ಕೆ ಹೋಗತೊಡಗಿದಳು. ಸಹಿ ಮಾಡಿದ ಆ ಎರಡು ಖಾಲಿ ಹಾಳೆಗಳು ಎಲ್ಲಿವೆ, ಯಾರ ಕೈಯಲ್ಲಿವೆ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಕೇಶರಬಾಯಿ ಊರಿಗೆ ಬಂದಿದ್ದಾಳೆ ಎಂದು ತಿಳಿದ ಮೇಲೆ ಒಂದು ದಿನ ರತ್ನಮಾಲಾ ಘಾಟಬೋರಾಳಕ್ಕೆ ಹೋದಳು. ಮುದುಕಿ ಗೋಡೆಗೆ ಬೆನ್ನು ಆನಿಸಿ ಕುಳಿತಿದ್ದಳು. ಮೈ ಅರ್ಧಕ್ಕರ್ಧ ಇಳಿದಿತ್ತು. ನಾಲ್ಕು ಮಾತು ಆಡಿದರೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಆದರೂ ಸೊಸೆಗೆ ಹೇಳಿ ಚಹಾ ಮಾಡಿಸಿದಳು. "ಈಕೀನ ನನ್ನ ಜೀವ ಉಳಿಸ್ದಾಕಿ," ಎಂದು ಬಂದವರಿಗೆಲ್ಲ ತೋರಿಸಿದಳು.

ಆ ಮಾತು ರತ್ನಮಾಲಾಳಿಗೆ ಮುಳ್ಳಿನಂತೆ ಚುಚ್ಚಿತು. ಜನ ಹೋಗುವ ತನಕ ತಡೆದುಕೊಂಡಳು. ಆಮೇಲೆ, ಚಹಾದ ಬಸಿಯನ್ನು ಕೆಳಗಿಟ್ಟು ಹೇಳಿದಳು.

"ಮೌಶಿ, ನಾ ಲಗೂನ ಹೇಳಲಿಲ್ಲ. ಗಿಡದ ಕೆಳಗ ಸುಮ್ನ ನಿಂತಿದ್ದೆ. ನನಗ ಅಂಜಿಕಿ ಆಗಿತ್ತು."

ಕೇಶರಬಾಯಿ ಅವಳನ್ನೇ ನೋಡಿದಳು. "ಎಷ್ಟೊತ್ತು?"

"ಹತ್ತು ನಿಮಿಷ ಇರಬೇಕು. ಹೆಚ್ಚೂ ಇರಬೇಕು."

ಹೊರಗೆ ಆಕಳೊಂದು ಕೂಗಿತು. ಬೈಯಲಿ, ಎದ್ದು ಹೋಗು ಎನ್ನಲಿ, ಏನಾದರೂ ಅನ್ನಲಿ ಎಂದು ರತ್ನಮಾಲಾ ತಲೆ ತಗ್ಗಿಸಿ ಕಾದಳು. ಕೇಶರಬಾಯಿ ಉಸಿರು ಹಿಡಿದುಕೊಂಡು, ನಿಂತು ನಿಂತು ಹೇಳಿದಳು:

"ಬಾಗಲಿಗಿ ಚಿಲಕ ಒಳಗಿಂದೇ ಇತ್ತು ನೋಡು. ನನ್ನ ಕೈಯಾಗೇ ಇತ್ತು. ಹೊಗಿ ಬಾಗಲ ಕೆಳಗಿಂದ ಬರಾಕತ್ತಿತ್ತು, ಎದಿ ಸುಡಾಕತ್ತಿತ್ತು. ಆದ್ರೂ ನಾ ಚಿಲಕ ತಗೀಲಿಲ್ಲ. ಹೊರಗ ಸಾಹೇಬ್ರು ಇರ್ತಾರ ಅಂದ್ಕೊಂಡು ಕುಂತೆ. ಸಾಯೂದಕ್ಕ ಅಷ್ಟು ಅಂಜಿದ್ದಿಲ್ಲ ಮಗಾ, ಸಿಗೂದಕ್ಕ ಅಂಜಿದ್ದೆ." ಮತ್ತೊಮ್ಮೆ ಉಸಿರು ತೆಗೆದುಕೊಂಡು, "ನಾ ನಿನಗ ಏನಂತ ಅನ್ನಲಿ?" ಎಂದಳು.

ರತ್ನಮಾಲಾಳ ಕಣ್ಣಿಂದ ನೀರು ಇಳಿಯತೊಡಗಿತು. ಕೇಶರಬಾಯಿ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವಳ ಭುಜದ ಮೇಲೆ ಕೈಯೂರಿ ಮೆಲ್ಲಗೆ ಎದ್ದಳು.

"ಒಳಗ ಕುಂತ್ರ ದಮ್ಮು ಹತ್ತತದ. ನಡಿ, ಅಂಗಳದಾಗ ಕೂಡಿಸು ನನಗ."

ರತ್ನಮಾಲಾ ಅವಳ ನಡುವಿಗೆ ಕೈ ಹಾಕಿ ಹೊಸ್ತಿಲು ದಾಟಿಸಿದಳು. ಹೊರಗೆ ಗಾಳಿ ಇತ್ತು. ಇಬ್ಬರೂ ಕಟ್ಟೆಯ ಮೇಲೆ ಕುಳಿತರು, ಹುಮನಾಬಾದಿನ ಬಸ್ಸು ಬರುವ ತನಕ.